ತೆಂಗಿನಕಟ್ಟೆಯ ನಾಲ್ಕನೆಯ ಪುಟ

ಬಿಳಿಗೆರೆಯ ರುದ್ರೇಶ್ ತಮ್ಮ ತೋಟದ ಹದಿನಾರು ತೆಂಗಿನ ಮರಗಳಿಗೆ ಬೈರಿಗೆ ಹಿಡಿದು ತೂತು ಕೊರೆದದ್ದು 2012ರ ಜನವರಿಯಲ್ಲಿ. ಅದು ತಪ್ಪೆಂದು ಅದೇ ವರ್ಷದ ಅಕ್ಟೋಬರಿನಲ್ಲಿ, ಎಲ್ಲರೂ ಓದುವ ಜಾಗದಲ್ಲಿ ಬರೆದು ಒಪ್ಪಿಕೊಂಡರು. ಶಿಕ್ಷೆ ಮಾತ್ರ ಹನ್ನೆರಡು ವರ್ಷ ತಡವಾಗಿ ಬಂತು. ಅದನ್ನು ಅವರಿಗಿಂತ ಮೊದಲು ಅನುಭವಿಸಿದವರು ಶೆಟ್ಟಿಕೆರೆಗೆ ಕೊಟ್ಟಿದ್ದ ಅವರ ಅಕ್ಕ ಹೊಂಬಾಳಮ್ಮ.

ರುದ್ರೇಶ್ ತಿಪಟೂರಿನ ಖಾಸಗಿ ಕಾಲೇಜೊಂದರ ಸಸ್ಯಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕರಾಗಿ ಇಪ್ಪತ್ತೊಂಬತ್ತು ವರ್ಷ ದುಡಿದವರು. ಪಿಯುಸಿಯಲ್ಲಿ ರಸಾಯನಶಾಸ್ತ್ರ ಕೈಕೊಟ್ಟು ಓದು ಅಲ್ಲಿಗೇ ನಿಂತಿತ್ತು. ವಿದ್ಯಾರ್ಥಿಗಳು ಬರುವ ಮೊದಲು ಮೆಕ್ಕೆಜೋಳದ ಕಾಂಡವನ್ನೋ ಸೂರ್ಯಕಾಂತಿಯ ಕಾಂಡವನ್ನೋ ಬ್ಲೇಡಿನಿಂದ ಕಾಗದಕ್ಕಿಂತ ತೆಳುವಾಗಿ ಕೊಯ್ದು, ಕೆಂಪು ಬಣ್ಣದಲ್ಲಿ ಅದ್ದಿ, ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕಕ್ಕೆ ಹೊಂದಿಸುವುದು ಅವರ ನಿತ್ಯದ ಕೆಲಸ. ಅಧ್ಯಾಪಕರು ಬದಲಾದರು, ಪಠ್ಯ ಬದಲಾಯಿತು, ಕೊಯ್ಯುವ ಕೈ ಅದೇ ಉಳಿಯಿತು. ಊರಿನವರು ಅವರನ್ನು ಲ್ಯಾಬ್ ರುದ್ರೇಶ ಎಂದು ಕರೆಯುತ್ತಿದ್ದರು. ಅದರಲ್ಲಿ ಸ್ವಲ್ಪ ಗೌರವವೂ ಸ್ವಲ್ಪ ಗೇಲಿಯೂ ಇತ್ತು. ಎರಡನ್ನೂ ಅವರು ಸಮನಾಗಿ ಸ್ವೀಕರಿಸುತ್ತಿದ್ದರು.

ಸಂಜೆ ಕಾಲೇಜು ಬಿಟ್ಟ ಮೇಲೆ ಬಿಳಿಗೆರೆಯ ಬಸ್ಸು ಹಿಡಿಯುವ ಮೊದಲು ಅರ್ಧ ಗಂಟೆ ಅವರು ಕೂರುತ್ತಿದ್ದದ್ದು ಬಸ್ ನಿಲ್ದಾಣದ ಹತ್ತಿರ ನಿಜಾಮುದ್ದೀನರ ಕಂಪ್ಯೂಟರ್ ಸೆಂಟರಿನಲ್ಲಿ. ಅರ್ಜಿ ಟೈಪು, ಜೆರಾಕ್ಸು, ಲ್ಯಾಮಿನೇಷನ್ನು, ಇವು ನಿಜಾಮುದ್ದೀನರ ದಂಧೆ. ಮೋಟಾರ್ ಬೈಕು ರಿಪೇರಿಯ ಬಗ್ಗೆ ಜಗತ್ತಿನ ಯಾವ್ಯಾವುದೋ ಮೂಲೆಯವರು ಕೂಡಿ ಚರ್ಚಿಸುವ ಅಂತರ್ಜಾಲ ತಾಣಗಳನ್ನು ಓದುವುದು ಅವರ ಹುಚ್ಚು. 2009ರಲ್ಲಿ ಒಂದು ದಿನ ಅವರೇ ಹೇಳಿದರು: “ರುದ್ರೇಶಣ್ಣ, ನಿಮ್ಮ ತೋಟದ ಪುರಾಣ ಕೇಳಿ ಕೇಳಿ ನನ್ನ ಕಿವಿ ತೂತಾಗೋಯ್ತು. ನಾನು ಅಂಥದ್ದೇ ಒಂದು ಮಾಡ್ಕೊಡ್ತೀನಿ. ಅದ್ರಲ್ಲಿ ಬರೀರಿ. ಬೇಕಾದೋರು ಓದ್ಕಳ್ಳಿ, ನನ್ನ ಕಿವಿ ಬುಟ್ಬುಡಿ.”

ಹೀಗೆ ಹುಟ್ಟಿದ್ದು ತೆಂಗಿನಕಟ್ಟೆ. ಈಗಿನವರಿಗೆ ಅದರ ಸ್ವರೂಪವನ್ನು ವಿವರಿಸಬೇಕಾಗುತ್ತದೆ. ಒಬ್ಬರು ಒಂದು ವಿಷಯ ಎತ್ತುತ್ತಾರೆ. ಅದರ ಕೆಳಗೆ ಉತ್ತರಗಳು ಒಂದರಡಿ ಒಂದು ಕೂಡುತ್ತಾ ಹೋಗುತ್ತವೆ. ಹತ್ತು ಉತ್ತರಕ್ಕೆ ಒಂದು ಪುಟ ತುಂಬುತ್ತದೆ. ಐದು ವರ್ಷದ ಮೇಲೆ ಬಂದು ಹುಡುಕಿದರೂ ಎಲ್ಲವೂ ಇಟ್ಟಲ್ಲೇ ಇರುತ್ತದೆ. ರುದ್ರೇಶ್ ಅದಕ್ಕೆ ಎರಡು ನಿಯಮ ಮಾಡಿದ್ದರು. ಮದ್ದು ಹೇಳಿದವರು ಮೂರು ತಿಂಗಳಿಗೆ, ಆರು ತಿಂಗಳಿಗೆ, ವರ್ಷಕ್ಕೆ ತಿರುಗಿ ಬಂದು ಮರ ಹೇಗಿದೆಯೆಂದು ವರದಿ ಹಾಕಬೇಕು. ಹಾಕದಿದ್ದರೆ ಆ ಚರ್ಚೆಯ ನೆತ್ತಿಯ ಮೇಲೆ ‘ವರದಿ ಬಂದಿಲ್ಲ’ ಎಂಬ ಕೆಂಪಕ್ಷರ ಬೀಳುತ್ತಿತ್ತು. ಇನ್ನೊಂದು, ಬರೆದದ್ದನ್ನು ಯಾರೂ ಅಳಿಸುವಂತಿಲ್ಲ. ತಪ್ಪು ತಿಳಿದರೆ ಕೆಳಗೆ ತಪ್ಪೆಂದು ಬರೆಯಬೇಕು.

ಆ ಕಟ್ಟೆಯನ್ನು ಹೊಗಳಲು ನಾನು ಹೊರಟಿಲ್ಲ. ನಾನೂ ಅದರ ಸದಸ್ಯನಾಗಿದ್ದೆ, ಹಾಗಾಗಿ ಅದರ ಒಣಜಂಬವೂ ಗೊತ್ತು. ಮುನ್ನೂರ ನಲವತ್ತು ಸದಸ್ಯರಲ್ಲಿ ಬರೆಯುತ್ತಿದ್ದವರು ನಲವತ್ತೂ ಇರಲಿಲ್ಲ. ಮರದ ಬುಡಕ್ಕೆ ಎಷ್ಟು ಉಪ್ಪು ಹಾಕಬೇಕೆಂಬ ವಿಷಯದಲ್ಲಿ ತುರುವೇಕೆರೆಯ ಒಬ್ಬರು ಎರಡು ವರ್ಷ ಎಲ್ಲರೊಡನೆ ಮುನಿಸಿಕೊಂಡಿದ್ದರು. ಆದರೆ ಅದರ ನಡಿಗೆ ಮರದ ನಡಿಗೆಗೆ ಹತ್ತಿರವಿತ್ತು ಎಂಬುದನ್ನು ಒಪ್ಪಬೇಕು. ಹೊಂಬಾಳೆ ಒಡೆದ ಮೇಲೆ ಕಾಯಿ ಬಲಿಯಲು ಹನ್ನೆರಡು ತಿಂಗಳು ಬೇಕು; ಆ ಹೊಂಬಾಳೆ ಸುಳಿಯೊಳಗೆ ಮೊಳೆತದ್ದು ಅದಕ್ಕೂ ಎರಡೂವರೆ ವರ್ಷ ಹಿಂದೆ. ಇವತ್ತು ಮರಕ್ಕೆ ಮಾಡಿದ ಉಪಕಾರವೋ ಅಪಕಾರವೋ ಕಣ್ಣಿಗೆ ಕಾಣುವ ಹೊತ್ತಿಗೆ ಮಾಡಿದವನು ಅದನ್ನು ಮರೆತಿರುತ್ತಾನೆ. ಆ ಮರೆವಿನ ವಿರುದ್ಧ ರುದ್ರೇಶ್ ಕಟ್ಟಿದ್ದು ಆ ತಾಣ.

2012ರಲ್ಲಿ ಕಪ್ಪುತಲೆ ಹುಳು ಬಿದ್ದು ಗರಿಗಳೆಲ್ಲ ಸುಟ್ಟಂತಾದಾಗ, ಕಾಂಡಕ್ಕೆ ಓರೆಯಾಗಿ ತೂತು ಕೊರೆದು ಡೀಸೆಲ್ ಬೆರೆಸಿದ ಔಷಧಿ ಸುರಿದು ಸಿಮೆಂಟಿನಿಂದ ಮುಚ್ಚುವ ಉಪಾಯವನ್ನು ಅರಸೀಕೆರೆ ಕಡೆಯಿಂದ ಯಾರೋ ಹೇಳಿದರು. ರುದ್ರೇಶ್ ಹದಿನಾರು ಮರಕ್ಕೆ ಮಾಡಿ ನೋಡಿದರು. ಇಪ್ಪತ್ತು ದಿನಕ್ಕೆ ಹೊಸ ಗರಿ ಹಸಿರಾಗಿ ಬಂತು. ಅವರು ಹಿಗ್ಗಿ ಕಟ್ಟೆಯಲ್ಲಿ ಬರೆದರು, ಹಸಿರು ಗರಿಯ ಫೋಟೋ ಹಾಕಿದರು, ಕೆಳಗೆ ತಮ್ಮ ಹೆಸರು, ಊರು, ಮೊಬೈಲ್ ಸಂಖ್ಯೆ: “ಹುಳದ ಬಾಧೆಗೆ ಕೊನೆಗೂ ಪರಿಹಾರ ಸಿಕ್ಕಿತು. ನಾನೇ ಮಾಡಿ ನೋಡಿದ್ದೇನೆ. ಧೈರ್ಯವಾಗಿ ಮಾಡಿ.” ಎರಡನೆಯ, ಮೂರನೆಯ ಪುಟಗಳಲ್ಲಿ ಜನ ಪ್ರಶ್ನೆ ಕೇಳಿದರು, ಅನುಮಾನಪಟ್ಟರು. ಅಕ್ಟೋಬರಿನಲ್ಲಿ, ವರ್ಷದ ವರದಿಗೆ ಕಾಯದೆ, ನಾಲ್ಕನೆಯ ಪುಟದಲ್ಲಿ ಅವರದೇ ವರದಿ ಬಂತು.

“ಹದಿನಾರರಲ್ಲಿ ಹನ್ನೊಂದು ಮರ ಸುಳಿ ಬಿದ್ದು ಹೋದವು. ತೂತಿನ ವಾಸನೆಗೆ ಕೆಂಪು ಮೂತಿ ಹುಳು ಬಂದು ಒಳಗೆ ಮೊಟ್ಟೆಯಿಟ್ಟಿದೆ. ಹಲಸು, ಮಾವಿನ ಕಾಂಡದಲ್ಲಿ ತೊಗಟೆಯ ಕೆಳಗೆ ಬೆಳೆಯುವ ಒಂದು ಪದರವಿರುತ್ತದೆ, ಗಾಯವಾದರೆ ಅದು ತುಂಬಿಕೊಳ್ಳುತ್ತದೆ. ತೆಂಗಿಗೆ ಆ ಪದರವಿಲ್ಲ. ಒಮ್ಮೆ ಮಾಡಿದ ತೂತು ಮರ ಸಾಯುವವರೆಗೂ ತೂತೇ. ಇದೇ ಜಾತಿಯ ಕಾಂಡವನ್ನು ಹದಿನೇಳು ವರ್ಷದಿಂದ ದಿನವೂ ಕೊಯ್ದು ಗಾಜಿನ ಮೇಲಿಟ್ಟವನು ನಾನು. ನನ್ನ ಮರಕ್ಕೆ ಬೈರಿಗೆ ಇಡುವಾಗ ಅದು ನೆನಪಿಗೆ ಬರಲಿಲ್ಲ. ಯಾರೂ ಮಾಡಬೇಡಿ.”

ಇದನ್ನು ಟೈಪು ಮಾಡಿ ಕೊಟ್ಟವರು ನಿಜಾಮುದ್ದೀನರೇ. ಮಾಡಿ ಮುಗಿಸಿ, “ಆ ಮೊದಲ್ನೇದನ್ನ ಅಳಿಸ್ಬುಡ್ಲಾ?” ಎಂದು ಕೇಳಿದರು.

“ಬೇಡ. ನಾನು ಮಾಡಿದ ರೂಲು ನಂಗೂ ಒಂದೇ.”

“ರೂಲು ನಿಮ್ದೇ ಕಣ್ರಣ್ಣ, ಪೊಲೀಸ್ನೋರು ಬರಲ್ಲ.”

“ತಪ್ಪನ್ನ ಅಳಿಸಿ ಬರೀ ಸರಿ ಇಟ್ರೆ, ಅದು ಯಾಕೆ ಸರಿ ಅಂತ ಮುಂದಿನೋನಿಗೆ ಹೆಂಗೆ ಗೊತ್ತಾಗ್ಬೇಕು? ಮೇಲಿಂದ ಓದ್ಕೊಂಡು ಬತ್ತಾರೆ, ಕೆಳಗೆ ಬಂದಾಗ ತಿಳೀತದೆ.”

ಓದುವವರು ಮೇಲಿನಿಂದ ಕೆಳಗಿನವರೆಗೆ ಬಂದೇ ಬರುತ್ತಾರೆ ಎಂಬುದು ಅವರ ನಂಬಿಕೆ. ಪ್ರಯೋಗಾಲಯದಲ್ಲಿ ಬದುಕು ಕಳೆದವರಿಗೆ ಬರಬಹುದಾದ ನಂಬಿಕೆ ಅದು. ಅದನ್ನು ಅವರು ಪರೀಕ್ಷಿಸಿ ನೋಡಿರಲಿಲ್ಲ.

2015ರಿಂದ ಎಲ್ಲರ ಕೈಗೂ ವಾಟ್ಸಾಪ್ ಬಂತು. ಕಟ್ಟೆಗೆ ಬರುತ್ತಿದ್ದವರು ಒಬ್ಬೊಬ್ಬರಾಗಿ ನಿಂತರು. ಜಗಳವಾಡಿ ಹೋದವರು ಯಾರೂ ಇರಲಿಲ್ಲ. ಬರುವುದನ್ನು ಮರೆತರು, ಅಷ್ಟೆ. 2018ರ ನಂತರ ಹೊಸ ಪ್ರಶ್ನೆಯೊಂದೂ ಬರಲಿಲ್ಲ. ಆಮೇಲೂ ರುದ್ರೇಶ್ ಪ್ರತಿ ತಿಂಗಳು ತಮ್ಮ ತೋಟದ ಮಳೆಯ ಅಳತೆ, ಬಲಿಯದೆ ಉದುರಿದ ಹರಳುಗಾಯಿಯ ಲೆಕ್ಕ, ಹುಳದ ಸುದ್ದಿ ಬರೆದು ಹಾಕುತ್ತಲೇ ಇದ್ದರು. ಓದಲು ಯಾರೂ ಇಲ್ಲದ ಜಾಗದಲ್ಲಿ ಆರು ವರ್ಷ ವರದಿ ಒಪ್ಪಿಸಿದ ಮನುಷ್ಯನ ಬಗ್ಗೆ ನನಗೆ ಮರುಕವೂ ಇದೆ, ಸ್ವಲ್ಪ ಅಸಹನೆಯೂ ಇದೆ. ಒಮ್ಮೆ ನಿಜಾಮುದ್ದೀನರ ಅಂಗಡಿಯಲ್ಲಿ, ಇನ್ನಾದರೂ ವಾಟ್ಸಾಪಿನಲ್ಲೇ ಬರೆಯಬಹುದಲ್ಲ ಎಂದು ನಾನು ಕೇಳಿದ್ದೆ. “ಅಲ್ಲಿ ನಿನ್ನೆಯದು ಇವತ್ತು ಸಿಗಲ್ಲ ಸಾರ್,” ಎಂದರು. ನಿಜಾಮುದ್ದೀನರು ಜೆರಾಕ್ಸ್ ಮಾಡುತ್ತಲೇ ಹೇಳಿದರು: “ನಿನ್ನೇದು ಯಾರಿಗೆ ಬೇಕು ಅಣ್ಣ? ಇನ್ಮುಂದೆ ಯಾರೂ ಪುಟ ತಿರುಗ್ಸಲ್ಲ. ಬೆರಳಲ್ಲಿ ತಳ್ತಾರೆ, ಹೋಯ್ತದೆ.”

2024ರ ಬೇಸಿಗೆಯಲ್ಲಿ ಬಿಳಿನೊಣದ ಕಾಟ ವಿಪರೀತವಾಯಿತು. ಗರಿಯ ಅಡಿಯಲ್ಲಿ ಸುಣ್ಣ ಬಳಿದಂತೆ ನೊಣ, ಮೇಲ್ಗಡೆ ಕಪ್ಪು ಮಸಿ. ತಿಪಟೂರಿನ ಮೋಹನ್ ಕುಮಾರ್ ಎಂಬ ಮೂವತ್ತೆಂಟರ ಯುವಕ ‘ಕಲ್ಪತರು ರೈತ ಬಳಗ’ ಎಂಬ ಒಂಬೈನೂರು ಜನರ ವಾಟ್ಸಾಪ್ ಗ್ರೂಪಿನ ಅಡ್ಮಿನ್. ಪರಿಹಾರವನ್ನು ಎಲ್ಲೆಲ್ಲೋ ಹುಡುಕುತ್ತಿದ್ದಾಗ ಅವನಿಗೆ ತೆಂಗಿನಕಟ್ಟೆಯ ಆ ಹಳೆಯ ಚರ್ಚೆಯ ಮೊದಲ ಪುಟ ಸಿಕ್ಕಿತು. ಫೋನಿನ ಪರದೆಯ ಮೇಲೆ ಕಂಡಷ್ಟನ್ನು ಸ್ಕ್ರೀನ್‌ಶಾಟ್ ತೆಗೆದು, ತಾರೀಖಿದ್ದ ಮೇಲಿನ ಸಾಲನ್ನು ಅಂದಕ್ಕಾಗಿ ಕತ್ತರಿಸಿ, ‘ಬಿಳಿನೊಣಕ್ಕೆ ರಾಮಬಾಣ, ಬಿಳಿಗೆರೆಯ ಪ್ರಯೋಗಶೀಲ ರೈತರ ಅನುಭವ’ ಎಂದು ಹಾಕಿದ. ಅವನಿಗೆ ಇದರಿಂದ ಲಾಭವೇನೂ ಇರಲಿಲ್ಲ. ಮೊದಲು ಹಾಕಿದವನು ತಾನು ಎನಿಸಿಕೊಳ್ಳುವ ಆಸೆ, ಅಷ್ಟೇ. ಚಿತ್ರದಲ್ಲಿ ಹಸಿರು ಗರಿ ಇತ್ತು, ಧೈರ್ಯವಾಗಿ ಮಾಡಿ ಎಂಬ ಮಾತಿತ್ತು, ಕೆಳಗೆ ಹೆಸರಿತ್ತು. ಒಂದೇ ದಿನದಲ್ಲಿ ಅದು ಮೂರು ತಾಲ್ಲೂಕು ಸುತ್ತಿತು.

ರುದ್ರೇಶ್ ಅದನ್ನು ನೋಡಿದ್ದು ಎರಡು ದಿನ ತಡವಾಗಿ. ಅವರೂ ಆ ಗ್ರೂಪಿನಲ್ಲಿದ್ದರು, ಆದರೆ ಎರಡು ಮೂರು ದಿನಕ್ಕೊಮ್ಮೆ ತೆರೆಯುವ ಅಭ್ಯಾಸ. ತಕ್ಷಣ ಉದ್ದನೆಯ ಸಂದೇಶ ಬರೆದರು: ಇದು ಹನ್ನೆರಡು ವರ್ಷ ಹಳೆಯದು, ಬೇರೆ ಹುಳಕ್ಕೆ ಮಾಡಿದ್ದು, ಮರ ಸತ್ತವು, ನಾಲ್ಕನೆಯ ಪುಟ ದಯವಿಟ್ಟು ಓದಿ. ಆ ಪುಟದ ಕೊಂಡಿಯನ್ನೂ ಇಟ್ಟರು. ಮುಂದೆ ಬಂದ ಉತ್ತರಗಳು ನನ್ನ ಫೋನಿನಲ್ಲಿ ಇನ್ನೂ ಇವೆ.

“ಅಣ್ಣೋ, ಏನ್ ಪಿಎಚ್‌ಡಿನಾ ಇದು, ಇಷ್ಟುದ್ದ?”

“ಅವತ್ತು ಒಳ್ಳೇದು ಅಂದೋರೂ ನೀವೇ, ಇವತ್ತು ಕೆಟ್ಟದ್ದು ಅನ್ನೋರೂ ನೀವೇ. ಮಧ್ಯ ಯಾವ ಔಷಧಿ ಕಂಪ್ನಿಯೋರು ಬಂದು ಕಾಫಿ ಕುಡುಸೋದ್ರು?”

“ಯಾರೂ ಲಿಂಕ್ ಒತ್ತಬೇಡ್ರಪ್ಪ. ಒತ್ತುದ್ರೆ ಬ್ಯಾಂಕಲ್ಲಿರೋದೆಲ್ಲ ಹೋಯ್ತದೆ ಅಂತ ಪೊಲೀಸ್ನೋರೇ ಹೇಳವ್ರೆ.”

“ಮೊದಲ್ನೇ ಪೇಜಲ್ಲೇ ಮರ ವಾಸಿಯಾಗೈತೆ. ನಾಕನೇ ಪೇಜು ಯಾಕ್ಲಾ ಬೇಕು?”

ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲೆಂದು ಹನ್ನೊಂದು ತಿಂಗಳು ಮುಟ್ಟದೆ ಕಾಯುವ ಜನ ಇವರು. ಒಂದು ಕೊಂಡಿಯನ್ನು ಒತ್ತಿ ಓದಲು ಬೇಕಾದ ಎರಡು ನಿಮಿಷ ಯಾರಲ್ಲೂ ಇರಲಿಲ್ಲ. ಒತ್ತದಿರುವುದಕ್ಕೆ ಒಂದು ಗೌರವಯುತ ಕಾರಣವೂ ಸಿಕ್ಕಿಬಿಟ್ಟಿತ್ತು. ರುದ್ರೇಶ್ ಮಾರನೆಯ ದಿನವೂ ಬರೆದರು, ಅದರ ಮಾರನೆಯ ದಿನವೂ. ಅವರಿಗೆ ‘ನಾಕನೇ ಪೇಜು’ ಎಂದು ಹೆಸರು ಬಿತ್ತು. ಅವರ ಸಂದೇಶ ಬರುತ್ತಲೇ, “ಬಂತಪ್ಪ ನಾಕನೇ ಪೇಜು, ಕಾಲು ಮಡಚ್ಕೊಳ್ರಿ” ಎಂದು ಯಾರೋ ಹಾಕುತ್ತಿದ್ದರು, ಹತ್ತು ಹದಿನೈದು ಜನ ಕಣ್ಣಲ್ಲಿ ನೀರು ಬರುವಂತೆ ನಗುವ ಮುಖಗಳನ್ನು ಒತ್ತುತ್ತಿದ್ದರು. ಒಂಬತ್ತು ದಿನ ಹೀಗೆ ನಡೆಯಿತು. ಹತ್ತನೆಯ ದಿನ ಮೋಹನ್ ಕುಮಾರ್ ಅವರನ್ನು ಗ್ರೂಪಿನಿಂದ ತೆಗೆದ. ಚಪ್ಪಾಳೆ ತಟ್ಟುವ ಕೈಗಳ ಚಿತ್ರಗಳು ಬಂದವು.

ನಾಲ್ಕನೆಯ ಪುಟವನ್ನು ನಾನು 2012ರಲ್ಲೇ ಓದಿದ್ದೆ. ಆ ಗ್ರೂಪಿನಲ್ಲಿ ಅದನ್ನು ಓದಿದ್ದವರು ಇನ್ನೂ ಎಂಟು ಹತ್ತು ಜನರಾದರೂ ಇದ್ದರು. ನಮ್ಮಲ್ಲಿ ಯಾರೂ ಒಂದು ಸಾಲೂ ಬರೆಯಲಿಲ್ಲ. ಸುಮ್ಮನಿದ್ದುದಕ್ಕೆ ನನ್ನ ಬಳಿ ಆಗ ಕಾರಣಗಳಿದ್ದವು. ಈಗ ಅವು ಯಾವುವೆಂದು ನೆನಪಿಲ್ಲ.

ಶೆಟ್ಟಿಕೆರೆಯ ಗ್ರೂಪು ಬೇರೆ. ಅಲ್ಲಿಗೆ ಚಿತ್ರ ಹೋಯಿತು, ಈ ಜಗಳ ಹೋಗಲಿಲ್ಲ. ಹೊಂಬಾಳಮ್ಮನವರ ಮಗ ದಯಾನಂದ್ ಚಿತ್ರದ ಕೆಳಗೆ ಸೋದರಮಾವನ ಹೆಸರು ನೋಡಿದ. ಸ್ವಂತ ಮಾವನೇ ಬರೆದ ಮೇಲೆ ಮಾವನನ್ನು ಕೇಳುವುದೇನಿದೆ ಎಂದುಕೊಂಡು, ಮೇ ತಿಂಗಳ ನಡುವೆ ಮೂವತ್ತೆಂಟು ಮರಕ್ಕೂ ಬೈರಿಗೆ ಹಾಕಿಸಿದ. ಅವು ಅವನ ತಂದೆ ನೆಟ್ಟ ಮರಗಳು. ತಂದೆ ತೀರಿಕೊಂಡ ಮೇಲೆ ಆ ಮನೆ ನಡೆದದ್ದು ಆ ಮೂವತ್ತೆಂಟರ ಮೇಲೆ.

ಜೂನಿನಲ್ಲಿ ಮಳೆ ಹಿಡಿಯಿತು. ಮಳೆಗೆ ಬಿಳಿನೊಣ ತಾನಾಗಿ ಇಳಿಯುತ್ತದೆ, ಮಸಿ ತೊಳೆದುಹೋಗುತ್ತದೆ. ತೂತು ಹೊಡೆದ ಮರದಲ್ಲೂ ಹೊಡೆಯದ ಮರದಲ್ಲೂ ಒಂದೇ ಸಮ. ಹೊಡೆಯದ ಮರಗಳನ್ನು ಯಾರೂ ನೋಡಲಿಲ್ಲ. ಗ್ರೂಪುಗಳ ತುಂಬ ಹಸಿರು ಗರಿಗಳ ಫೋಟೋಗಳು ಬಂದವು. ಆ ತಿಂಗಳ ಕೊನೆಯ ಭಾನುವಾರ ರುದ್ರೇಶ್ ಅಕ್ಕನ ಮನೆಗೆ ಹೋದಾಗ ದಯಾನಂದ್ ಅಂಗಳದಲ್ಲೇ ಎದುರಾದ.

“ಬಾ ಮಾವ. ನೀನೂ ಒಂದು ಮಾತು ಫೋನು ಮಾಡಿ ಹೇಳ್ಬಾರ್ದಾ, ಊರೋರಿಗೆಲ್ಲ ಹೇಳಿ ನಮಗೆ ಹೇಳ್ದೆ ಇದ್ಯಲ್ಲ. ಬಾ, ತೋಟ ನೋಡು ಬಾ.”

ಎದೆಮಟ್ಟದಲ್ಲಿ, ಮರದಿಂದ ಮರಕ್ಕೆ, ಕಾಸಿನಗಲದ ಸಿಮೆಂಟಿನ ಬಿಲ್ಲೆಗಳು. ರುದ್ರೇಶ್ ಮೊದಲನೆಯದನ್ನು ಬೆರಳಿನಿಂದ ಒತ್ತಿ ನೋಡಿದರು. ಅದರ ಅಂಚಿನಲ್ಲಿ ಕಂದು ಬಣ್ಣದ ರಸ ಇಳಿದು ಒಣಗಿತ್ತು. ಎರಡನೆಯದರ ಹತ್ತಿರ ಹೋದರು, ಮೂರನೆಯದರ ಹತ್ತಿರ ಹೋದರು. ಮೂವತ್ತೆಂಟನ್ನೂ ಹೀಗೇ ನೋಡಿ ಮುಗಿಸಿದರು.

“ಇವು ಹೋಯ್ತವೆ ದಯಾನಂದ.”

“ಏನು ಹೋಯ್ತವೆ? ಗರಿ ನೋಡು ಹೆಂಗೈತೆ.”

“ಗರಿ ಮಳೆಗೆ ಹಂಗಾಗೈತೆ. ಮರ ಒಳಗೆ ಕೊಳೀತಾ ಐತೆ. ನಂದು ಹನ್ನೊಂದು ಹೋದ್ವು.”

ಹೊಂಬಾಳಮ್ಮ ಹಿಂದೆಯೇ ಬಂದು ನಿಂತಿದ್ದರು. “ಬಂದ್‌ಬಂದೋನೇ ಅಪಶಕುನ ನುಡೀಬೇಡ ಕಣೋ ರುದ್ರ. ಮಗ ಇದೊಂದು ಕೆಲಸ ನೆಟ್ಟಗೆ ಮಾಡವ್ನೆ. ಅದನ್ನೂ ನಿನ್ನ ಕೈಲಿ ನೋಡಕ್ಕಾಗಲ್ವಾ?”

ಅಂದಿನಿಂದ ಪ್ರತಿ ಭಾನುವಾರ ರುದ್ರೇಶ್ ಶೆಟ್ಟಿಕೆರೆಯ ಬಸ್ಸು ಹತ್ತಿದರು. ಬಿಲ್ಲೆ ಕಿತ್ತು, ಕೊಳೆತ ನಾರು ಕೆತ್ತಿ, ಲೇಪ ಹಚ್ಚಿದರು. ಹುಳು ಒಳಗೆ ಕೊರೆಯುವ ಸದ್ದು ಕೇಳುತ್ತದೆಯೇ ಎಂದು ಕಾಂಡಕ್ಕೆ ಕಿವಿಯಿಟ್ಟು ನಿಂತರು. ಅದನ್ನು ದಯಾನಂದನ ಸ್ನೇಹಿತರು ವಿಡಿಯೋ ಮಾಡಿ, ಮರದ ಜೊತೆ ಫೋನಲ್ಲಿ ಮಾತಾಡ್ತಾವ್ರೆ ಎಂದು ಹಂಚಿಕೊಂಡು ನಕ್ಕರು. ಡಿಸೆಂಬರಿನಲ್ಲಿ ಮೊದಲನೆಯ ಮರದ ಸುಳಿ ವಾಲಿತು. ಫೆಬ್ರವರಿಯ ಹೊತ್ತಿಗೆ ಮೂವತ್ತೆಂಟರಲ್ಲಿ ಇಪ್ಪತ್ತೊಂಬತ್ತು ಮರಗಳು ತಲೆಯಿಲ್ಲದ ಕಂಬಗಳಾಗಿದ್ದವು.

ಬೇರೆ ತೋಟಗಳಿಂದಲೂ ಅದೇ ಸುದ್ದಿ ಬಂತು. ಈಗ ಅದೇ ಚಿತ್ರ ಮತ್ತೆ ಹರಿದಾಡಿತು. ಮೋಹನ್ ಕುಮಾರ್ ಚಿತ್ರವನ್ನು ಬದಲಿಸಲಿಲ್ಲ, ಮೇಲಿನ ಸಾಲನ್ನಷ್ಟೇ ಬದಲಿಸಿದ: ‘ರೈತರ ಮರ ಕೊಂದ ಈತನನ್ನು ಗುರುತಿಸಿ’. ಮರ ಸಾಯುತ್ತವೆ ಎಂದು ಹೇಳಿದ್ದಕ್ಕೆ ಹಿಂದೆ ಅವರನ್ನು ಹೊರಗೆ ಹಾಕಿದ್ದವರೇ, ಹೇಳಲಿಲ್ಲವೆಂದು ಈಗ ಬೈದರು. ಎರಡು ಮಾತಿಗೂ ನಡುವೆ ಹತ್ತು ತಿಂಗಳಿತ್ತು. ಅಷ್ಟು ಹಿಂದಕ್ಕೆ ಹೋಗಿ ನೋಡುವವರು ಯಾರೂ ಇರಲಿಲ್ಲ.

ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಹೊಂಬಾಳಮ್ಮನವರ ಮನೆಯ ಮುಂದೆ ಮರ ಕಳೆದುಕೊಂಡ ಏಳೆಂಟು ಜನ ಸೇರಿದರು. ಮೋಹನ್ ಕುಮಾರನೂ ಬಂದಿದ್ದ. ಕುರ್ಚಿ ಇದ್ದದ್ದು ಐದು. ರುದ್ರೇಶರಿಗೆ ಯಾರೂ ಕುಳಿತುಕೊಳ್ಳಲು ಹೇಳಲಿಲ್ಲ. ಅವರು ಜಗಲಿಯ ಕಂಬದ ಪಕ್ಕ ನಿಂತು, ಫೋನಿನಲ್ಲಿ ನಾಲ್ಕನೆಯ ಪುಟ ತೆಗೆದು ಅಕ್ಕನ ಕೈಗೆ ಕೊಟ್ಟರು. ಹನ್ನೆರಡು ವರ್ಷಗಳಲ್ಲಿ ಆ ಪುಟಕ್ಕೆ ಹೊಸ ಓದುಗರು ಸಿಕ್ಕಿದ್ದು ಅವತ್ತೇ. ದಯಾನಂದ್ ಗಟ್ಟಿಯಾಗಿ ಓದಿದ. ರುದ್ರೇಶರ ಮುಖದಲ್ಲಿ, ಇನ್ನು ಇವರಿಗೆ ಗೊತ್ತಾಯಿತು ಎಂಬ ಸಮಾಧಾನ ಕಂಡಿತೆಂದು ದಯಾನಂದನೇ ಆಮೇಲೆ ನನಗೆ ಹೇಳಿದ.

ಮೊದಲು ಮಾತಾಡಿದವನು ಮೋಹನ್ ಕುಮಾರ್. “ಅಲ್ಲ ರುದ್ರೇಶಣ್ಣ, ಹಂಗಾದ್ರೆ ನಿಮಗೆ ಗೊತ್ತಿತ್ತು. ಹನ್ನೆರಡು ವರ್ಷದಿಂದ ಗೊತ್ತಿತ್ತು.”

“ಗೊತ್ತಿತ್ತು. ಅದಕ್ಕೇ ಬರೆದಿದ್ದೆ.”

“ಗೊತ್ತಿದ್ದೂ ಆ ಮೊದಲ್ನೇದನ್ನ ಯಾಕೆ ಇಟ್ಕೊಂಡಿದ್ರಿ? ನಂಗೆ ಸಿಕ್ಕಿದ್ದು ಅದು. ನಾನೇನು ಹುಟ್ಟಿಸ್ಕೊಂಡು ಬರ್ದಿದ್ನಾ?”

“ಪೂರ್ತಿ ಓದಿದ್ರೆ...”

“ಯಾರಣ್ಣ ಓದ್ತಾರೆ ಪೂರ್ತಿ? ನೀವು ಕಾಲೇಜಲ್ಲಿರೋರು, ಪುರುಸೊತ್ತೈತೆ.”

ರುದ್ರೇಶ್ ತಮ್ಮ ನಿಯಮದ ಬಗ್ಗೆ ಹೇಳಲು ಹೊರಟರು. ತಪ್ಪು ಉಳಿದರೆ ತಾನೇ ಸರಿ ಏನೆಂದು ತಿಳಿಯುವುದು ಎಂಬ ಅದೇ ಮಾತು. ಹೊಂಬಾಳಮ್ಮ ತಮ್ಮನ ಮಾತನ್ನು ಅರ್ಧಕ್ಕೇ ತಡೆದರು.

“ವಿಷದ ಬಾಟ್ಲಿ ತಂದು ತಲೆಬಾಗ್ಲಲ್ಲಿ ಇಟ್ಯಲ್ಲೋ ರುದ್ರ. ವಿಷ ಅನ್ನೋ ಚೀಟೀನ ತಗೊಂಡೋಗಿ ಹಿತ್ಲಲ್ಲಿ ಅಂಟಿಸ್ದಲ್ಲೋ.”

ಆ ಮಾತಿನ ಬಗ್ಗೆ ನಾನು ಹಲವು ಸಲ ಯೋಚಿಸಿದ್ದೇನೆ. ಅಲ್ಲಿದ್ದವರಲ್ಲಿ ಅವರಿಗೆ ನ್ಯಾಯವಾದ ಏಟು ಕೊಟ್ಟವರು ಆ ಹೆಂಗಸು ಒಬ್ಬರೇ.

“ಆ ಒಂದು ಪೋಸ್ಟು ತೆಗೀತೀನಿ ಅಕ್ಕ.”

“ಒಂದು ಯಾಕೆ?” ಎಂದ ಮೋಹನ್ ಕುಮಾರ್. “ನಿಮ್ಮ ರೂಲಿನ ಪ್ರಕಾರ ಅದ್ರಲ್ಲಿ ಇಂಥವು ಇನ್ನೆಷ್ಟವೆ? ನಾಳೆ ಇನ್ನೊಬ್ಬನಿಗೆ ಇನ್ನೊಂದು ಸಿಗ್ತದೆ. ತೆಗೆದ್ರೆ ಎಲ್ಲ ತೆಗೀರಿ.”

ಇದೂ ಸತ್ಯವೇ. ಹದಿನೈದು ವರ್ಷದ ಎಲ್ಲರ ತಪ್ಪುಗಳೂ ಅಲ್ಲಿ ಜೋಪಾನವಾಗಿದ್ದವು, ಪ್ರತಿಯೊಂದೂ ತನ್ನ ತಿದ್ದುಪಡಿಗಿಂತ ಮೇಲಿನ ಪುಟದಲ್ಲಿ. ಹೊಂಬಾಳಮ್ಮ ಎದ್ದು ಒಳಗೆ ಹೋಗುತ್ತಾ ಹೇಳಿದರು: “ಅದನ್ನ ಪೂರ್ತಿ ತೆಗೆದು ಬಾ. ತೆಗೀದೆ ಈ ಬಾಗ್ಲಿಗೆ ಬರಬೇಡ.”

ಮಾರನೆಯ ದಿನ ಸಂಜೆ ರುದ್ರೇಶ್ ನಿಜಾಮುದ್ದೀನರ ಅಂಗಡಿಗೆ ಬಂದರು. ವಿಷಯ ಕೇಳಿ ನಿಜಾಮುದ್ದೀನರು ಕಂಪ್ಯೂಟರಿನಿಂದ ಕುರ್ಚಿ ಹಿಂದಕ್ಕೆ ತಳ್ಳಿ ಕೂತರು.

“ಹೊರಗಿನೋರಿಗೆ ಕಾಣದಂಗೆ ಮಾಡಿದ್ರೆ ಆಯ್ತಪ್ಪ. ಒಳಗೆ ಇರ್ಲಿ.”

“ಬೇಡ.”

“ಒಂದು ಪೆನ್‌ಡ್ರೈವ್‌ಗೆ ಹಾಕಿ ಕೊಡ್ತೀನಿ, ಬೀರುವಲ್ಲಿ ಇಟ್ಕೊಳ್ಳಿ. ಯಾರಿಗೆ ಗೊತ್ತಾಯ್ತದೆ?”

“ಅಕ್ಕನಿಗೆ ತೆಗೀತೀನಿ ಅಂದಿದ್ದೀನಿ ನಿಜಾಮ್ ಭಾಯ್. ಬೀರುವಲ್ಲಿ ಇಟ್ಕೊಂಡ್ರೆ ತೆಗ್ದಂಗಾಗಲ್ಲ.”

“ನಿಮ್ಮ ಸತ್ಯಕ್ಕಿಷ್ಟು. ಹನ್ನೆರಡು ವರ್ಷದ ಹಿಂದೆ ಇದೇ ಕುರ್ಚೀಲಿ ಕೂತು ಒಂದನ್ನ ಅಳಿಸಿ ಅಂದೆ, ಅಳಿಸ್ಲಿಲ್ಲ. ಈಗ ಒಂದನ್ನ ಉಳಿಸ್ಕೊಳ್ಳಿ ಅಂದ್ರೆ ಅದೂ ಆಗಲ್ಲ ಅಂತೀರ.”

ಬೈಯುತ್ತಲೇ ಅವರು ಅಳಿಸಿದರು. ನಾಲ್ಕು ಸಾವಿರದ ನೂರ ಹನ್ನೆರಡು ಚರ್ಚೆಗಳು. ಮಳೆಯ ಅಳತೆಗಳು, ಉಪ್ಪಿನ ಜಗಳ, ಎಲ್ಲರ ವರದಿಗಳು, ವರದಿ ಬಂದಿಲ್ಲ ಎಂಬ ಕೆಂಪಕ್ಷರಗಳು. ಖಚಿತವೇ ಎಂದು ಯಂತ್ರ ಎರಡು ಸಲ ಕೇಳಿತು. ಕೆಲಸ ಮುಗಿಯಲು ಒಂದು ನಿಮಿಷವೂ ಹಿಡಿಯಲಿಲ್ಲ.

ಅಂದು ಬಿಳಿಗೆರೆಗೆ ಹೋಗದೆ ನೇರವಾಗಿ ಶೆಟ್ಟಿಕೆರೆಗೆ ಹೋಗಿ ರುದ್ರೇಶ್ ಅಕ್ಕನ ಬಾಗಿಲಲ್ಲಿ ನಿಂತು ಹೇಳಿದರು, “ತೆಗೆದೆ ಅಕ್ಕ.”

ಹೊಂಬಾಳಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದರು. “ಸರಿ,” ಎಂದರು. ತಲೆಯೆತ್ತದೆ, “ಅದಕ್ಕೆ ಮರ ಬತ್ತವಾ?” ಎಂದು ಕೇಳಿದರು. ಒಳಗೆ ಬಾ ಎನ್ನಲಿಲ್ಲ. ರುದ್ರೇಶ್ ಕೊನೆಯ ಬಸ್ಸಿನಲ್ಲಿ ವಾಪಸಾದರು.

ಆ ಚಿತ್ರವನ್ನು ಅಳಿಸಲು ಮಾತ್ರ ಯಾರಿಗೂ ಸಾಧ್ಯವಿರಲಿಲ್ಲ. ಅದು ಯಾವ ಪುಟದಲ್ಲೂ ಇರಲಿಲ್ಲ, ಎಲ್ಲರ ಫೋನುಗಳಲ್ಲಿತ್ತು. ಈ ವರ್ಷದ ಬೇಸಿಗೆಯಲ್ಲಿ ಮತ್ತೆ ಬಿಳಿನೊಣ ಏರಿತು. ಮೇ ತಿಂಗಳ ಒಂದು ಮಧ್ಯಾಹ್ನ, ಕಾಲೇಜಿಗೆ ರಜೆಯಿದ್ದ ದಿನ, ರುದ್ರೇಶರಿಗೆ ಗುರುತಿಲ್ಲದ ಸಂಖ್ಯೆಯಿಂದ ಕರೆ ಬಂತು. ಆಗ ನಾನು ಅವರ ತೋಟದಲ್ಲೇ ಇದ್ದೆ. ಕೈಗೆ ಮಣ್ಣು ಮೆತ್ತಿದ್ದರಿಂದ ಅವರು ಸ್ಪೀಕರ್ ಹಾಕಿ ಫೋನನ್ನು ಒಡ್ಡಿನ ಮೇಲಿಟ್ಟರು.

“ನಮಸ್ಕಾರ ಸಾರ್, ಬಿಳಿಗೆರೆ ರುದ್ರೇಶೋರು ತಾನೇ? ಹೊಸದುರ್ಗದ ಕಡೆಯಿಂದ ಮಾತಾಡ್ತಿದ್ದೀನಿ. ನಿಮ್ಮ ಮದ್ದು ನಮ್ಮ ಗ್ರೂಪಲ್ಲಿ ಬಂದೈತೆ. ತೂತು ಎಷ್ಟು ಇಂಚು ಒಳಗೆ ಹೋಗ್ಬೇಕು ಅನ್ನೋದು ಫೋಟೋದಲ್ಲಿ ಕಟ್ಟಾಗೈತೆ ಸಾರ್.”

“ಹೊಡೀಬೇಡಿ. ಅದು ತಪ್ಪು. ನಾನೇ ಮಾಡಿ ಹನ್ನೊಂದು ಮರ ಕಳ್ಕೊಂಡೆ. ನಮ್ಮಕ್ಕಂದು ಇಪ್ಪತ್ತೊಂಬತ್ತು ಹೋದ್ವು.”

“ಹೌದಾ ಸಾರ್?” ಮನುಷ್ಯ ಮರ್ಯಾದಸ್ಥ, ನಿಜಕ್ಕೂ ಗಾಬರಿಯಾದಂತಿತ್ತು. “ಅದನ್ನ ಎಲ್ಲಾದ್ರೂ ಬರ್ದಿದ್ದೀರಾ? ಕಳಿಸಿ, ನಮ್ಮೋರಿಗೆ ತೋರಿಸ್ತೀನಿ. ನನ್ನ ಮಾತು ಕೇಳಲ್ಲ ಅವರು, ಬರ್ದಿರೋದು ಇದ್ರೆ ಕೇಳ್ತಾರೆ.”

“ಬರ್ದಿದ್ದೆ.”

“ಕಳಿಸಿ ಸಾರ್.”

“ಈಗ ಇಲ್ಲ. ತೆಗೆದುಬಿಟ್ಟೆ.”

ಆ ಕಡೆ ಹಿಂದಿನಿಂದ ಯಾರೋ ಏನಂತೆ ಎಂದು ಕೇಳಿದರು. ಈತ ಅವರಿಗೆ, ಬ್ಯಾಡ ಅಂತಾವ್ರೆ, ಆದ್ರೆ ಪುರಾವೆ ಇಲ್ವಂತೆ, ಎಂದ. ಆಮೇಲೆ ಫೋನಿಗೆ:

“ಬ್ಯಾಡ ಅನ್ನೋದನ್ನ ತೆಗೆದು, ಮಾಡಿ ಅನ್ನೋದನ್ನ ಬುಟ್ಟಿದ್ದೀರಲ್ಲ ಸಾರ್.”

ರುದ್ರೇಶ್ ಮಣ್ಣಿನ ಕೈಯಲ್ಲೇ ಫೋನು ಎತ್ತಿಕೊಂಡರು.

“ಇರ್ಲಿ ಬುಡಿ ಸಾರ್, ನಿಮಗೇನೋ ತಾಪತ್ರಯ ಇರ್ಬೇಕು. ಬೈರಿಗೆಯೋರು ಬಂದು ಕೂತವ್ರೆ. ಮೂರಿಂಚು ಹೊಡೀತೀವಿ.”